ಕಪ್ಪತಗುಡ್ಡದ ಲೆಕ್ಕ

ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯು 11ನೆಯ ಶತಮಾನದ ಮೊದಲಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವು ನಯವಾದ ಬಳಪದ ಕಲ್ಲಿನದು. ಇಂಥ ಕಲ್ಲು ಧಾರವಾಡ ಶಿಲಾಸ್ತೋಮದಲ್ಲಿ ದೊರೆಯುತ್ತದೆ. ಅಲ್ಲಿಂದ ಬಹುದೂರವಲ್ಲದ ಕಪ್ಪತಗುಡ್ಡವೂ ಅದೇ ಸ್ತೋಮದ್ದು; ಅದರ ಒಡಲಲ್ಲಿ ಕಬ್ಬಿಣದ ಅದಿರೂ ಚಿನ್ನವೂ ಉಂಟು. ಅವುಗಳನ್ನು ಅಗೆದು ತೆಗೆಯಬೇಕೆ?

ಗಣಿಯಿಂದ ಉದ್ಯೋಗ ದೊರೆಯುವುದು, ಬೊಕ್ಕಸಕ್ಕೆ ಹಣ ಸೇರುವುದು. ಮಳೆ ಕಡಮೆಯಾದ ಸೀಮೆಗೆ ಇದು ಸಣ್ಣ ಮಾತಲ್ಲ. ಲೆಕ್ಕದ ಇನ್ನೊಂದು ಬದಿಯನ್ನೂ ನೋಡೋಣ. ಗುಡ್ಡದ ಹುಲ್ಲು ಪೊದೆಗಳು ಮಳೆಯ ಹೊಡೆತವನ್ನು ತಡೆಯುತ್ತವೆ. ಬೇರುಗಳು ಮಣ್ಣನ್ನು ಹಿಡಿದಿರುವುದರಿಂದ ನೀರು ನಿಧಾನವಾಗಿ ಶಿಲೆಯ ಬಿರುಕುಗಳಿಗೆ ಇಳಿಯುತ್ತದೆ. ತಪ್ಪಲಿನ ಬಾವಿಗಳಿಗೆ ಅದೇ ಆಸರೆ. ಈ ಹಸುರು ಹೊದಿಕೆಯನ್ನು ಕಿತ್ತರೆ ನೀರು ಮಣ್ಣಿನೊಡನೆ ಕೊಚ್ಚಿಹೋಗಿ, ಕೆರೆಗಳಲ್ಲಿ ಹೂಳು ತುಂಬುವುದು. ಗುಡ್ಡದ ಔಷಧಿ ಸಸ್ಯಗಳೂ ಅಳಿಯುವುವು.

ಸರ್ಕಾರವು 2015ರಲ್ಲಿ ಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿ, 2016ರಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಜನರ ಹೋರಾಟದ ಬಳಿಕ 2017ರಲ್ಲಿ ರಕ್ಷಣೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವಾಯಿತು.

ಒಮ್ಮೆ ತೆಗೆದ ಅದಿರು ಮತ್ತೆ ಬೆಳೆಯದು; ಗುಡ್ಡವು ಹಿಡಿದಿಡುವ ನೀರಾದರೋ ಪ್ರತಿ ಮಳೆಗಾಲದಲ್ಲಿಯೂ ತುಂಬುವುದು. ಗಣಿಯ ಲಾಭವನ್ನು ಎಣಿಸುವಾಗ, ಬತ್ತುವ ಬಾವಿ ಹಾಗೂ ಹೂಳು ತುಂಬುವ ಕೆರೆಗಳ ನಷ್ಟವನ್ನೂ ನಾವು ಅದೇ ಪುಟದಲ್ಲಿ ಬರೆಯಬೇಕು.