ಲೇಖನಿ ನಿಂತಾಗ

ಬರೆಯಬೇಕೆಂಬ ಹಂಬಲವಿದ್ದೂ ಒಂದು ವಾಕ್ಯವೂ ಮೂಡದೆ ಬಿಳಿಯ ಹಾಳೆಯ ಮುಂದೆ ಕುಳಿತಿರುವುದು ವಿಚಿತ್ರವಾದ ಸಂಕಟ. ಜ್ವರವಿಲ್ಲ, ನೋವಿಲ್ಲ, ಆದುದರಿಂದ ಮನೆಮಂದಿ ಇದನ್ನು ಸೋಮಾರಿತನವೆಂದೇ ಎಣಿಸುತ್ತಾರೆ. ಮನೋವಿಶ್ಲೇಷಕ ಎಡ್ಮಂಡ್ ಬರ್ಗ್ಲರ್ 1947ರಲ್ಲಿ ಇದಕ್ಕೆ ‘ರೈಟರ್ಸ್ ಬ್ಲಾಕ್’ ಎಂದು ಹೆಸರಿಟ್ಟು, ಅದರ ಬೇರನ್ನು ಶೈಶವದ ಮನೋವ್ಯಾಪಾರಗಳಲ್ಲಿ ಅರಸಿದರು. ಅಷ್ಟು ದೂರ ಹೋಗುವ ಅಗತ್ಯ ನಮಗಿಲ್ಲವೆಂದು ತೋರುತ್ತದೆ. ವಡಾಲದಲ್ಲಿ ನೆಲೆಸಿದ ಕನ್ನಡಿಗನ ಲೇಖನಿ ನಿಲ್ಲುವುದಕ್ಕೆ ಇನ್ನೂ ಸಮೀಪದ ಕಾರಣಗಳಿವೆ.

ಮೊದಲನೆಯದು ದೇಹದ ದಣಿವು. ಹಾರ್ಬರ್ ಮಾರ್ಗದ ಗಾಡಿಯಲ್ಲಿ ನಿಂತೇ ಹೋಗಿ ನಿಂತೇ ಮರಳಿ, ರಾತ್ರಿ ಹತ್ತಕ್ಕೆ ಊಟ ಮುಗಿಸಿದವನು ಸರಸ್ವತಿಯನ್ನು ಆವಾಹಿಸಲು ಕುಳಿತರೆ ಬರುವುದು ಆಕಳಿಕೆ. ನಿದ್ರೆಗೆಟ್ಟ ಮಿದುಳಿಗೆ ಗಮನವನ್ನು ಹಿಡಿದಿಡುವುದೂ ಸರಿಯಾದ ಪದವನ್ನು ಹೆಕ್ಕುವುದೂ ಕಷ್ಟ. ಇಂಥವರಿಗೆ ಮೊದಲ ಔಷಧ ನಿದ್ರೆ, ಮತ್ತೊಂದು ಲೋಟ ಚಹಾ ಅಲ್ಲ.

ಎರಡನೆಯ ಕಾರಣ ಸೂಕ್ಷ್ಮವಾದುದು. ನನ್ನ ಮಟ್ಟಿಗೆ ಇದೇ ಮುಖ್ಯ. ಕಥೆಯೆಂದರೆ ಊರಿನದು, ಗದ್ದೆ ತೋಟ ಅಜ್ಜಿಮನೆಯದು. ಮುಂಬಯಿ ಎಂದರೆ ಹೊಟ್ಟೆಪಾಡು ಎಂದು ನಾವು ಬದುಕನ್ನು ಎರಡಾಗಿ ಸೀಳಿಕೊಂಡಿದ್ದೇವೆ. ಊರು ಬಿಟ್ಟು ಮೂವತ್ತು ವರ್ಷವಾದ ಮೇಲೆ ಅಲ್ಲಿಯ ನೆನಪು ತೆಳುವಾಗುತ್ತದೆ. ಇಲ್ಲಿಯದು ಬರೆಯತಕ್ಕದ್ದಲ್ಲವೆಂಬ ಸಂಕೋಚ ಮಾತ್ರ ಉಳಿಯುತ್ತದೆ.

ಈ ಸೀಳನ್ನು ಒಪ್ಪದವರು ಯಶವಂತ ಚಿತ್ತಾಲರು. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿದ ಅವರು ಹನೇಹಳ್ಳಿಯನ್ನೂ ಬಿಡಲಿಲ್ಲ, ಮುಂಬಯಿಯನ್ನೂ ಹೊರಗಿಡಲಿಲ್ಲ. ಅವರ ಮೊದಲ ಕಾದಂಬರಿ ‘ಮೂರು ದಾರಿಗಳು’ 1964ರಲ್ಲಿ ಬಂದರೆ, ಎರಡನೆಯದಾದ ‘ಶಿಕಾರಿ’ ಬಂದುದು 1979ರಲ್ಲಿ. ಹದಿನೈದು ವರ್ಷಗಳ ಅಂತರ! ಆ ಅವಧಿಯಲ್ಲಿ ಅವರು ಸಣ್ಣಕಥೆಗಳನ್ನು ಬರೆಯುತ್ತಲೇ ಇದ್ದರು. ದೊಡ್ಡದು ಒದಗದಿರುವಾಗ ಚಿಕ್ಕದನ್ನು ಬರೆಯಬಾರದೆಂಬ ನಿಯಮವೇನೂ ಇಲ್ಲವಲ್ಲ. ‘ಶಿಕಾರಿ’ಯ ನಾಗಪ್ಪನಾದರೂ ಯಾರು? ಕಂಪನಿಯೊಂದರ ಅಧಿಕಾರಿ, ನೌಕರಿಯ ಭಯ, ಸಂಶಯ, ಒಳಸಂಚುಗಳಲ್ಲಿ ಸಿಕ್ಕವನು. ನಾವು ದಿನವೂ ಮನೆಗೆ ಹೊತ್ತು ತರುವ, ಬರೆಯಲು ಯೋಗ್ಯವಲ್ಲವೆಂದು ಬದಿಗಿಡುವ ಸಾಮಗ್ರಿಯೇ ಅದು. ವ್ಯಾಸರಾಯ ಬಲ್ಲಾಳರೂ ಮುಂಬಯಿಯ ಬದುಕನ್ನೇ ಕಾದಂಬರಿಗೆ ತಂದರು. ಅವರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಉಪಾಯಗಳ ವಿಷಯಕ್ಕೆ ಬಂದರೆ, ನಡಿಗೆ ಎಲ್ಲಕ್ಕಿಂತ ಅಗ್ಗ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕುಳಿತಿದ್ದಾಗಿಗಿಂತ ನಡೆಯುವಾಗ ಹೊಸ ಹೊಳಹುಗಳು ಹೆಚ್ಚಾಗಿ ಮೂಡಿದವು. ನಡೆದು ಬಂದು ಕುಳಿತ ಮೇಲೂ ಸ್ವಲ್ಪ ಹೊತ್ತು ಆ ಚುರುಕು ಉಳಿಯಿತು. ಗೋಡೆಯನ್ನು ನೋಡುತ್ತ ಯಂತ್ರದ ಮೇಲೆ ನಡೆದವರಿಗೂ ಫಲ ಸಿಕ್ಕಿತಂತೆ. ನಮಗಾದರೋ ಹತ್ತಿರದಲ್ಲಿಯೇ ಫೈವ್ ಗಾರ್ಡನ್ಸ್‌ನ ಮರಗಳ ನೆರಳಿದೆ. ನಡೆದು ಬಂದೊಡನೆ ಹದಿನೈದು ನಿಮಿಷ, ತಿದ್ದದೆ, ಊರಿನ ಅಕ್ಕನಿಗೋ ಹಳೆಯ ಗೆಳೆಯನಿಗೋ ಕಾಗದ ಬರೆಯುವಂತೆ ಬರೆಯಬೇಕು. ‘ಸಾಹಿತ್ಯ’ ಬರೆಯಹೊರಟರೆ ಕೈ ನಡುಗುತ್ತದೆ. ಅಕ್ಕನ ಮುಂದೆ ನಡುಗುವುದಿಲ್ಲ.

ಈ ಹದಿನೈದು ನಿಮಿಷಕ್ಕೆ ಇನ್ನೊಂದು ಗುಣವೂ ಉಂಟು. 1986ರಲ್ಲಿ ಪ್ರಕಟವಾದ ಜೇಮ್ಸ್ ಪೆನ್‌ಬೇಕರ್ ಅವರ ಅಧ್ಯಯನದಲ್ಲಿ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ತಮ್ಮ ಆಳದ ದುಃಖವನ್ನು ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದುದು ಕಡಿಮೆ. ಬರೆದ ಕೂಡಲೆ ಮಾತ್ರ ಮನಸ್ಸು ಭಾರವಾಗಿತ್ತು, ಹಾಗಾದರೆ ಹೆದರಬೇಕಿಲ್ಲ. ಆದರೆ ಬರವಣಿಗೆಯಷ್ಟೇ ಅಲ್ಲದೆ ಊಟ, ನಿದ್ರೆ, ಮಕ್ಕಳ ಮಾತು ಯಾವುದರಲ್ಲಿಯೂ ಎರಡು ವಾರ ಸತತವಾಗಿ ಆಸಕ್ತಿ ಹುಟ್ಟದಿದ್ದರೆ ಅದು ಖಿನ್ನತೆಯಿರಬಹುದು. ಆಗ ವೈದ್ಯರನ್ನು ಕಾಣುವುದೇ ಸರಿ.

ವಸ್ತುವಿಲ್ಲವೆಂಬ ದೂರಿಗೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿ ಮುಂದೆ ಬಂದ ಹಿರಿಯರು ಈ ನಗರದಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ. ಮೊದಲ ಸಂಬಳವೆಷ್ಟು, ಮಲಗುತ್ತಿದ್ದುದೆಲ್ಲಿ, ಊರಿಗೆ ಮನಿಯಾರ್ಡರ್ ಬರೆದುಕೊಡುತ್ತಿದ್ದವರು ಯಾರು ಎಂದು ಅವರನ್ನು ಕೇಳಿ ಬರೆದಿಟ್ಟುಕೊಂಡವರು ವಿರಳ. ಅವರೊಡನೆಯೇ ಹೊರಟುಹೋಗುವ ಸಂಗತಿಗಳಿವು. ಒಂದು ಭಾನುವಾರ ನೋಟುಪುಸ್ತಕ ಹಿಡಿದು ಅಂಥವರೊಬ್ಬರ ಮನೆಗೆ ಹೋಗಬಹುದು. ನಾಲ್ಕು ಗಂಟೆಯ ನಂತರವಾದರೆ ಒಳ್ಳೆಯದು, ಅಷ್ಟರಲ್ಲಿ ಅವರ ಮಧ್ಯಾಹ್ನದ ನಿದ್ರೆಯೂ ಮುಗಿದಿರುತ್ತದೆ.