ರಾಗಿಯ ಕಣದಲ್ಲಿ ವಿಜ್ಞಾನ

ಆನೇಕಲ್ ತಾಲ್ಲೂಕಿನ ಜಿಗಣಿ ಎಂದೊಡನೆ ಇಂದು ನಮ್ಮ ಕಣ್ಣೆದುರು ನಿಲ್ಲುವುದು ಕಾರ್ಖಾನೆಗಳ ಸಾಲು. ಅವುಗಳಲ್ಲಿ ಗ್ರಾನೈಟ್ ಬಂಡೆಗಳನ್ನು ಹಲಗೆಗಳಾಗಿ ಕೊಯ್ದು ಹೊಳಪು ಕೊಡುವ ಯಂತ್ರಗಳೂ ಉಂಟು. ಆದರೆ ಈ ಸೀಮೆಯ ರೈತನು ಕಲ್ಲನ್ನು ಬಹುಕಾಲದಿಂದ ಬೇರೊಂದು ಕೆಲಸಕ್ಕೆ ಬಳಸುತ್ತಿದ್ದನು. ಅದೇ ರಾಗಿಯ ಕಣದಲ್ಲಿ ಎತ್ತುಗಳು ಎಳೆಯುತ್ತಿದ್ದ ರೋಣಗಲ್ಲು.

ಸಂಕ್ರಾಂತಿ ಬಂತೆಂದರೆ ಬೆಂಗಳೂರಿನ ಸುತ್ತಮುತ್ತಲಿನ ಅನೇಕ ಶಾಲೆ ಕಾಲೇಜುಗಳಲ್ಲಿ ಸುಗ್ಗಿಯ ಹಬ್ಬವನ್ನು ಆಚರಿಸುತ್ತಾರೆ. ಅಂಗಳದಲ್ಲಿ ಧಾನ್ಯದ ರಾಶಿ, ಪಕ್ಕದಲ್ಲಿ ಮೊರ, ಕುಡುಗೋಲು, ಕೊಳಗ. ರಾಶಿಗೆ ಪೂಜೆ ಮಾಡಿ ಎಳ್ಳು ಬೆಲ್ಲ ಹಂಚಿದರೆ ಹಬ್ಬ ಮುಗಿಯಿತು. ಈ ವಸ್ತುಗಳು ಕೇವಲ ಅಲಂಕಾರಕ್ಕೆಂದು ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಪ್ರಕೃತಿಯ ನಿಯಮವೊಂದನ್ನು ಅನುಭವದಿಂದ ಅರಿತ ಕೌಶಲ ಅಡಗಿದೆ.

ಮೊದಲು ಕೊಯ್ಲನ್ನು ನೋಡೋಣ. ರಾಗಿಯ ಗಿಡದಲ್ಲಿ ಎಲ್ಲ ತೆನೆಗಳೂ ಒಂದೇ ದಿನ ಬಲಿಯುವುದಿಲ್ಲ. ತಾಯಿಕಡ್ಡಿಯ ತೆನೆ ಮೊದಲು ಮಾಗುತ್ತದೆ, ಪಕ್ಕದ ಮರಿಗಳ ತೆನೆ ಅನಂತರ. ಕುಡುಗೋಲು ಹಿಡಿದ ಕೈಗೆ ಈ ಭೇದ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ದಪ್ಪನಾದ, ರೋಗವಿಲ್ಲದ ತೆನೆಗಳನ್ನು ಬಿತ್ತನೆಗೆಂದು ಬೇರೆ ತೆಗೆದಿಡುವುದೂ ಈ ಹೊತ್ತಿನಲ್ಲಿಯೇ. ಹೀಗೆ ವರ್ಷವರ್ಷವೂ ಆರಿಸುತ್ತ ಬಂದುದರಿಂದಲೇ ನಾಡಿನಲ್ಲಿ ಹಲವು ಬಗೆಯ ರಾಗಿಗಳು ಉಳಿದುಬಂದುವು. ‘ರಾಗಿ ಬ್ರಹ್ಮ’ ಎಂದು ಹೆಸರಾದ ಲಕ್ಷ್ಮಣಯ್ಯನವರು ಇಂಥ ನಾಡತಳಿಗಳನ್ನು ಆಫ್ರಿಕದ ತಳಿಗಳೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಪಡೆದರು. ರಾಗಿಯ ಮೂಲನೆಲೆ ಪೂರ್ವ ಆಫ್ರಿಕದ ಎತ್ತರದ ಪ್ರದೇಶವೆಂಬುದನ್ನು ನೆನೆದರೆ, ಬಹಳ ಹಿಂದೆ ಅಗಲಿದ ಬಂಧುಗಳನ್ನು ಅವರು ಮತ್ತೆ ಒಂದುಗೂಡಿಸಿದರೆನ್ನಬಹುದು.

ಕೊಯ್ದ ಬೆಳೆಯನ್ನು ಕೂಡಲೇ ಬಡಿಯುವುದಿಲ್ಲ. ಸಿವುಡು ಕಟ್ಟಿ ಮೆದೆ ಒಟ್ಟುತ್ತಾರೆ. ಇದಕ್ಕೆ ಕಾರಣವೇನು? ಹಸಿಯ ಸಿಪ್ಪೆ ನಾರಿನಂತೆ ಬಾಗುತ್ತದೆ, ಕಾಳನ್ನು ಬಿಡುವುದಿಲ್ಲ. ನೀರಿನಂಶ ಆರಿದ ಮೇಲೆ ಅದು ಪೆಡಸಾಗಿ, ಸ್ವಲ್ಪ ಒತ್ತಿದರೂ ಮುರಿಯುತ್ತದೆ. ಆದ್ದರಿಂದಲೇ ಒಕ್ಕಣೆಗೆ ಚಳಿಗಾಲದ ಕೊನೆಯ ಒಣಹವೆಯೂ ಚುರುಕಾದ ಬಿಸಿಲೂ ಬೇಕು.

ಸಗಣಿ ಸಾರಿಸಿದ ಕಣದ ನಡುವೆ ಮೇಟಿ ನೆಟ್ಟು, ತೆನೆ ಹರಡಿ, ರೋಣಗಲ್ಲನ್ನು ಸುತ್ತಲೂ ಉರುಳಿಸುತ್ತಾರೆ. ಉರುಳೆಯು ನೆಲವನ್ನು ಮುಟ್ಟುವುದು ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ. ಕಲ್ಲಿನ ಭಾರವೆಲ್ಲ ಆ ಪಟ್ಟಿಯ ಮೇಲೆಯೇ ಬೀಳುತ್ತದೆ. ಅಲ್ಲದೆ ಅದು ವೃತ್ತದಲ್ಲಿ ತಿರುಗುವಾಗ ಹೊರಗಿನ ಕೊನೆ ಒಳಗಿನ ಕೊನೆಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಆದಕಾರಣ ಕಲ್ಲು ಉರುಳುವುದರ ಜೊತೆಗೆ ತುಸು ಜಾರುತ್ತದೆ, ತೆನೆಯನ್ನು ಉಜ್ಜುತ್ತದೆ. ಕೆಳಗೆ ಹಾಸಿದ ಹುಲ್ಲು ಮೆತ್ತೆಯಾಗಿ ಕಾಳನ್ನು ಕಾಪಾಡುತ್ತದೆ.

ಮುಂದಿನ ಕೆಲಸ ತೂರುವುದು. ಈಜಿಪ್ಟಿನಲ್ಲಿ, ಕ್ರಿ.ಪೂ. 1400ರ ಸುಮಾರಿನ ಮೆನ್ನಾ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆಯೂ ಧಾನ್ಯ ತೂರುವವರ ಚಿತ್ರವಿದೆ. ಮೊರದಿಂದ ಎದೆಯ ಎತ್ತರದಲ್ಲಿ ಸುರಿದ ಕಾಳು ನೆಲ ಸೇರಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಹೊಟ್ಟು ಚಪ್ಪಟೆಯಾಗಿ ಹಗುರವಾಗಿರುವುದರಿಂದ ಗಾಳಿಯ ತಡೆಯು ಬೇಗನೆ ಅದರ ತೂಕಕ್ಕೆ ಸಮನಾಗುತ್ತದೆ; ಅದು ನಿಧಾನವಾಗಿ ಇಳಿಯುತ್ತ ಗಾಳಿಯೊಡನೆ ದೂರ ಸಾಗುತ್ತದೆ. ಮೇಜಿನ ಫ್ಯಾನಿನ ಮುಂದೆ ಒಂದು ಹಿಡಿ ರಾಗಿಯನ್ನೂ ಹೊಟ್ಟನ್ನೂ ಬೆರೆಸಿ ಸುರಿದು ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು.

ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದುಂಟು. 20 ಕೊಳಗಕ್ಕೆ ಒಂದು ಖಂಡುಗ. ಹಿಂದೆ ರಾಗಿಯನ್ನು ಹಗೇವು ಎಂಬ ನೆಲದ ಕುಳಿಗಳಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತ ಇಂಗಾಲದ ಡೈಆಕ್ಸೈಡು ಹೆಚ್ಚುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಹುಳುವನ್ನು ಕೊಲ್ಲುವ ಆ ಗಾಳಿ ಮನುಷ್ಯನನ್ನೂ ಕೊಲ್ಲಬಲ್ಲದು. ಆದ್ದರಿಂದ ಹಗೇವನ್ನು ತೆರೆದು ಗಾಳಿಯಾಡಲು ಬಿಡದೆ ಒಳಗೆ ಇಳಿಯುವುದು ಪ್ರಾಣಕ್ಕೆ ಅಪಾಯ.

ಈಗ ಕಣಗಳು ಅಪರೂಪವಾಗಿವೆ. ಎತ್ತುಗಳಿಲ್ಲ, ಕಣವಿದ್ದ ಜಾಗ ಕಟ್ಟಡಗಳಿಗೆ ಸೇರಿದೆ. ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಅನೇಕರು ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಹುಲ್ಲಿನ ಮೇಲೆ ದ್ವಿಚಕ್ರ ವಾಹನಗಳು ಜಾರುತ್ತವೆ. ಕಾಳಿಗೆ ಮರಳೂ ಎಣ್ಣೆಯೂ ಸೇರುತ್ತವೆ. ರೈತನನ್ನು ಮಾತ್ರ ದೂರಿ ಫಲವಿಲ್ಲ. ಅವನಿಗೆ ಕಣವನ್ನು ಕೊಡುವವರು ಯಾರು? ಊರಿಗೊಂದು ಸಾಮೂಹಿಕ ಕಣವೂ, ಸಣ್ಣ ಒಕ್ಕಣೆ ಯಂತ್ರವೂ ದೊರೆತರೆ ರಸ್ತೆಯ ಹಂಗು ತಪ್ಪೀತು.

ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ರಾಗಿಗೆ ಗೌರವ ಬಂದಿತು, ಸಂತೋಷ. ರಾಗಿಯನ್ನು ಬಲ್ಲ ಕೈಗಳಿಗೂ ಆ ಗೌರವ ಸಲ್ಲಬೇಕು. ಹಳೆಯ ಉಪಕರಣಗಳನ್ನು ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಕಾಣಬಹುದು. ಅವುಗಳನ್ನು ಬಳಸುವ ಜಾಣ್ಮೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. ಗಾಳಿ ಯಾವಾಗ ತಿರುಗುವುದು, ತೆನೆ ಎಷ್ಟು ಒಣಗಿದರೆ ಸಾಕು ಎಂಬುದನ್ನು ಬಲ್ಲ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಂದಿನ ಸುಗ್ಗಿಯ ಹಬ್ಬಕ್ಕೆ ಅವರನ್ನು ಕರೆದು, ಮೊರವನ್ನು ಅವರ ಕೈಗೆ ಕೊಟ್ಟು, ಅವರು ಹೇಳುವುದನ್ನು ಬರೆದುಕೊಳ್ಳುವುದು ವಿದ್ಯಾರ್ಥಿಗಳಿಗೆ ಅಸಾಧ್ಯವಾದ ಕೆಲಸವೇನಲ್ಲ.