ಜ್ವರ ಹರಡುವ ಮುನ್ನ ಚರ್ಚ್ ಸಭೆ ಸಜ್ಜಾಗಲಿ

2025ರ ಫೆಬ್ರವರಿ ಕೊನೆಗೆ ಚಿಕ್ಕಬಳ್ಳಾಪುರದ ವರದಹಳ್ಳಿಯ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಅದು ಮನುಷ್ಯರಿಗೆ ಅಂಟುವುದು ಅಪರೂಪ. ಆದರೆ ಮಳೆಗಾಲದಲ್ಲೂ ಚಳಿಗಾಲದ ಕೊನೆಯಲ್ಲೂ ಬರುವ ಫ್ಲೂ ಒಬ್ಬರಿಂದೊಬ್ಬರಿಗೆ ಸಲೀಸಾಗಿ ದಾಟುತ್ತದೆ. 2023ರ ಮಾರ್ಚ್‌ನಲ್ಲಿ ಹಾಸನದ ಆಲೂರು ತಾಲ್ಲೂಕಿನ ವೃದ್ಧರೊಬ್ಬರು ತೀರಿಕೊಂಡದ್ದು ಇಂಥದೇ ಫ್ಲೂ ಆದ ಎಚ್‌3ಎನ್‌2 ಸೋಂಕಿನಿಂದ.

ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಲಂಡನ್ ಮಿಷನ್ ಕಾಲದ್ದು. ರೋಗಿಗಳ ಆರೈಕೆ ಇಲ್ಲಿನ ಕ್ರೈಸ್ತರಿಗೆ ಹೊಸದೇನಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಚರ್ಚ್‌ಗಳೂ ಫ್ಲೂ ಎದುರಿಸಲು ಈಗಲೇ ತಯಾರಾಗಬಹುದು.

ಲಕ್ಷಣ ಕಾಣುವ ಒಂದು ದಿನ ಮೊದಲೇ ಸೋಂಕಿತರು ವೈರಾಣು ಹರಡಬಲ್ಲರು. ಹಾಗಾಗಿ ಆರಾಧನೆಯ ಹೊತ್ತು ಕಿಟಕಿಗಳು ತೆರೆದಿರಲಿ. ಕೈಕುಲುಕುವ ಬದಲು ಕೈಮುಗಿದು ಸಮಾಧಾನ ಕೋರಲಿ. ಪ್ರಭುಭೋಜನಕ್ಕೆ ಒಂದೇ ಪಾತ್ರೆಯ ಬದಲು ಪುಟ್ಟ ಲೋಟಗಳಿರಲಿ. ಕೋವಿಡ್ ಕಾಲದ ಈ ಎಚ್ಚರಗಳನ್ನು ಕೈಬಿಡಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಪಟ್ಟಿ: ಸಭೆಯಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ಗರ್ಭಿಣಿಯರು ಯಾರು, ಸಕ್ಕರೆ ಕಾಯಿಲೆ, ಆಸ್ತಮಾ ಯಾರಿಗಿದೆ? ಅವರು ಜ್ವರದಿಂದ ಮಲಗಿದರೆ ಗಂಜಿ, ಮಾತ್ರೆ ತಲುಪಿಸುವ ಯುವಕರ ಹೆಸರೂ ಅದರಲ್ಲಿರಲಿ.

ಫ್ಲೂ ಲಸಿಕೆಯ ರಕ್ಷಣೆ ಸಿಗಲು ಸುಮಾರು ಎರಡು ವಾರ ಬೇಕು. ವೈದ್ಯರನ್ನು ಕೇಳಿ, ಮಳೆಗಾಲಕ್ಕೆ ಮುನ್ನವೇ ಹಾಕಿಸಿಕೊಳ್ಳಿ. ಜ್ವರ, ಕೆಮ್ಮು ಇದ್ದರೆ ಭಾನುವಾರ ಮನೆಯಲ್ಲೇ ಪ್ರಾರ್ಥಿಸಿ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.